ಒಳಗೆ ಕೇಳ್ಕೊಂಡು ಬರ್ತೀನಿ

ಹೈಸ್ಕೂಲಿನ ವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ನಳಿಕೆ ತೊಳೆದ ಆ ಹೆಂಗಸನ್ನು ಮಕ್ಕಳು ಲ್ಯಾಬಕ್ಕ ಎಂದು ಕರೆಯುತ್ತಿದ್ದರು. ಮಕ್ಕಳ ಬಾಯಿಂದ ಅದು ಮೇಷ್ಟರುಗಳ ಬಾಯಿಗೆ ಬಂತು, ಅಲ್ಲಿಂದ ಬೀದಿಗೆ ಇಳಿಯಿತು, ಬೀದಿಯಿಂದ ಮನೆಯೊಳಕ್ಕೂ ನುಗ್ಗಿತು. ಕಟ್ಟಿಕೊಂಡ ಗಂಡನೇ ಒಂದು ದಿನ ಅಡುಗೆಮನೆಯ ಕಡೆ ತಿರುಗಿ, ಲ್ಯಾಬಕ್ಕಾ ಟೀ ಆಯ್ತಾ ಎಂದು ಕೂಗಿ, ಆಮೇಲೆ ನಾಲಿಗೆ ಕಚ್ಚಿಕೊಂಡು ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದ.

ಲ್ಯಾಬಕ್ಕನಿಗೆ ಒಂದು ರೋಗವಿತ್ತು. ಮೇಷ್ಟರು ಮಕ್ಕಳಿಗೆ ಪ್ರಯೋಗ ತೋರಿಸುವಾಗ ಮೂರು ಹನಿ ಹಾಕಿ, ನೀರು ಗುಲಾಬಿ ಬಣ್ಣಕ್ಕೆ ತಿರುಗಿತು ನೋಡಿ ಎಂದು ಹೇಳಿ ಮುಗಿಸುತ್ತಿದ್ದರು. ಗಂಟೆ ಬಾರಿಸಿ ಮಕ್ಕಳೆಲ್ಲ ಹೋದಮೇಲೆ ಈಕೆ ಅದೇ ಗಾಜಿನ ಲೋಟಕ್ಕೆ ನಾಲ್ಕನೆಯ ಹನಿ ಹಾಕಿ ನೋಡುತ್ತಿದ್ದಳು. ಏನೂ ಆಗದಿದ್ದರೆ ಐದನೆಯದು. ಹೀಗೆ ನೋಡಲು ಹೋಗಿ ಎರಡು ಸಲ ಹುಬ್ಬು ಸುಟ್ಟುಕೊಂಡಿದ್ದಳು. ಒಂದು ಸಲ ಇಡೀ ಶಾಲೆಗೆ ಕೊಳೆತ ಮೊಟ್ಟೆಯ ವಾಸನೆ ಹಬ್ಬಿಸಿದಾಗ ಹೆಡ್ಮೇಷ್ಟ್ರು ಮೂಗು ಮುಚ್ಚಿಕೊಂಡೇ ಬಂದು ಬೈದು ಹೋಗಿದ್ದರು. ಬೈಸಿಕೊಂಡದ್ದು ಅವಳಿಗೆ ಅಷ್ಟಾಗಿ ನೆನಪಿಲ್ಲ. ಆ ವಾಸನೆ ಎಷ್ಟನೆಯ ಹನಿಗೆ ಬಂತು ಎಂಬುದು ಮಾತ್ರ ಸರಿಯಾಗಿ ನೆನಪಿದೆ.

ಇದೇ ರೋಗವನ್ನು ಅವಳು ಅಂಗಡಿಗಳಿಗೂ ತೆಗೆದುಕೊಂಡು ಹೋದಳು.

ಶುರುವಾದದ್ದು ಮದುವೆಯಾದ ಮೂರನೆಯ ತಿಂಗಳಲ್ಲಿ. ಗಂಡಹೆಂಡತಿ ಕುಕ್ಕರ್ ಕೊಳ್ಳಲು ಪಾತ್ರೆ ಅಂಗಡಿಗೆ ಹೋಗಿದ್ದರು. ಇದ್ದದ್ದು ಒಂದೇ ಕುಕ್ಕರ್, ಅದರ ಹೊಟ್ಟೆಯ ಮೇಲೆ ಹೆಬ್ಬೆರಳಿನಷ್ಟು ನೆಗ್ಗು ಬಿದ್ದಿತ್ತು. ಹೊಸ ಹೆಂಡತಿ ಚೌಕಾಸಿ ಮಾಡಬೇಕೆಂದು ಕೇಳಿದ್ದಲ್ಲ. ನೆಗ್ಗು ಇಲ್ಲದ ಕುಕ್ಕರಿಗೂ ಇದೇ ಬೆಲೆಯೋ, ಹಾಗಾದರೆ ನೆಗ್ಗಿಗೆ ಬೆಲೆಯೇ ಇಲ್ಲವೋ ಎಂದು ನಿಜವಾಗಿಯೂ ತಿಳಿಯಬೇಕಾಗಿತ್ತು. ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ, ಒಳಗೆ ಕೇಳ್ಕೊಂಡು ಬರ್ತೀನಿ ಎಂದು ಹಸಿರು ಪರದೆ ಸರಿಸಿ ಮಾಯವಾದ. ತಿರುಗಿ ಬಂದವನು ಬೆಲೆಯಲ್ಲಿ ಐದರಲ್ಲೊಂದು ಭಾಗ ಇಳಿಸಿಬಿಟ್ಟಿದ್ದ.

ಅಷ್ಟು ಉಳಿಯಿತಲ್ಲ ಎಂಬ ಸಂತೋಷ ಬೀದಿಯ ತಿರುವಿನವರೆಗೆ ಬಂತು, ಅಷ್ಟೆ. ಒಳಗೆ ಯಾರಿದ್ದರು ಎಂಬ ಪ್ರಶ್ನೆ ಮಾತ್ರ ಮನೆಗೆ ಬಂದು ಅವಳ ಜೊತೆಗೇ ಸಂಸಾರ ಹೂಡಿತು.

ಅಲ್ಲಿಂದ ಮುಂದೆ ಅವಳು ಕೊಸರಾಡದ ಅಂಗಡಿಯಿಲ್ಲ. ಆದರೆ ಅವಳ ಚೌಕಾಸಿ ಬೇರೆಯವರಂತಲ್ಲ. ಸಾಮಾನು ಚೆನ್ನಾಗಿಲ್ಲ ಎಂದು ಮೂಗು ಮುರಿಯುತ್ತಿರಲಿಲ್ಲ. ಬೇಡ ಬಿಡಿ ಎಂದು ನಾಲ್ಕು ಹೆಜ್ಜೆ ನಡೆದು, ಹಿಂದಿನಿಂದ ಕೂಗುತ್ತಾರೇನೋ ಎಂದು ಕಿವಿ ನಿಮಿರಿಸುತ್ತಲೂ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬ ಸುಳ್ಳನ್ನು ಅವಳು ಜನ್ಮದಲ್ಲಿ ಆಡಿದವಳಲ್ಲ. ಸುಮ್ಮನೆ ಕೇಳುತ್ತಿದ್ದಳು. ಈ ಬೆಲೆ ಯಾರು ಇಟ್ಟರು, ಯಾವಾಗ ಇಟ್ಟರು, ಹೋದ ವರ್ಷವೂ ಇಷ್ಟೇ ಇತ್ತೆ, ಕಡಿಮೆ ಮಾಡಬೇಕಾದರೆ ಯಾರನ್ನು ಕೇಳಬೇಕು. ಕಣ್ಣರಳಿಸಿಕೊಂಡು ಹೀಗೆ ಕೇಳುವವಳ ಮುಂದೆ ಎಂಥ ಒರಟು ವ್ಯಾಪಾರಿಯೂ ಮೆತ್ತಗಾಗುತ್ತಿದ್ದ. ಹಿತ್ತಾಳೆ ಬೀಗದಿಂದ ಹಿಡಿದು ಹಾಸಿಗೆಯವರೆಗೆ ಅವಳು ಬೆಲೆ ಇಳಿಸದ ವಸ್ತುವಿರಲಿಲ್ಲ. ಬೀದಿಯವರು ದೊಡ್ಡ ಸಾಮಾನು ಕೊಳ್ಳುವ ಮುಂಚೆ ಅವಳಿಗೆ ರಜೆ ಯಾವತ್ತು ಎಂದು ವಿಚಾರಿಸುತ್ತಿದ್ದರು.

ಒಂದೇ ಒಂದು ಕಡೆ ಅವಳು ಬಾಯಿ ಬಿಡುತ್ತಿರಲಿಲ್ಲ. ಫುಟ್‌ಪಾತಿನ ಮೇಲೆ ಗೋಣಿ ಹಾಸಿ ಸೊಪ್ಪು ಮಾರುವವರು, ತಳ್ಳುಗಾಡಿಯವರು ಹೇಳಿದ್ದನ್ನು ಕೊಟ್ಟು ಬರುತ್ತಿದ್ದಳು. ನಾದಿನಿ ಇದಕ್ಕೆ ಕಾರಣ ಕೇಳಿದಾಗ, ಆ ಅಂಗಡಿಗಳಿಗೆ ಒಳಗೆ ಅನ್ನೋದೇ ಇಲ್ಲವಲ್ಲ, ಕೇಳಿ ಬರೋಕೆ ಅವರು ಎಲ್ಲಿಗೆ ಹೋಗ್ತಾರೆ ಎಂದಿದ್ದಳು.

ಗಂಡನದು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಮಾತು ಅವನಿಗೆ ಮೈಲಿಗೆ. ಹೆಂಡತಿ ಅಂಗಡಿಯಲ್ಲಿ ಮೊದಲ ಪ್ರಶ್ನೆ ಎತ್ತುತ್ತಿದ್ದಂತೆ ಅವನ ಕಿವಿ ಕೆಂಪಾಗುತ್ತಿತ್ತು. ನಾನು ಹೊರಗೆ ಚಪ್ಪಲಿ ನೋಡ್ಕೊಂಡಿರ್ತೀನಿ ಎಂದು ಜಾರಿಕೊಳ್ಳುತ್ತಿದ್ದ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಅಂಗಡಿ ಆ ಊರಿನಲ್ಲಿ ಒಂದೂ ಇರಲಿಲ್ಲ.

ವರ್ಷಗಳು ಹೋದವು. ಒಳಗೆ ಕೇಳಿ ಬರುವವರನ್ನು ಅವಳು ನೂರಾರು ಬಗೆಯಲ್ಲಿ ಕಂಡಳು. ಏಣಿ ಹತ್ತಿ ಅಟ್ಟಕ್ಕೆ ಹೋಗಿ ಬರುವವರಿದ್ದರು. ಫೋನು ಕಿವಿಗೆ ಹಿಡಿದು ಗೋಡೆಯ ಕಡೆ ತಿರುಗಿ ಪಿಸುಗುಟ್ಟುವವರಿದ್ದರು. ಗಾಜಿನ ಕೋಣೆಯ ಬಾಗಿಲು ಅರ್ಧ ತೆರೆದು ತಲೆಯನ್ನಷ್ಟೇ ತೂರಿಸುವವರೂ ಇದ್ದರು. ಒಳಗಿರುವವರು ಎಂಥವರಿರಬಹುದು ಎಂದು ಅವಳು ನಳಿಕೆ ತೊಳೆಯುತ್ತ ಊಹಿಸುತ್ತಿದ್ದಳು. ಕೆಲವೊಮ್ಮೆ ದಪ್ಪ ಕನ್ನಡಕದ ಮುದುಕ. ಕೆಲವೊಮ್ಮೆ ಮಾಲೀಕನ ಹೆಂಡತಿ, ಇಂತಿಂಥವರಿಗೆ ಇಷ್ಟಿಷ್ಟು ಬಿಡು ಎಂದು ಬೆರಳು ತೋರಿಸುವವಳು. ಆದರೆ ಯಾವ ಪರದೆಯೂ ಅವಳಿಗಾಗಿ ಸರಿಯಲಿಲ್ಲ.

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾದಿನಿಯ ಬಟ್ಟೆ ಒಗೆಯುವ ಮಷೀನು ಗಡಗಡ ಎಂದು ನಡುಗಿ ನಿಂತುಹೋಯಿತು. ನಾದಿನಿ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸದವಳು. ದಿನವಿಡೀ ಬಾಯಿ ತೆರೆಯಿರಿ ಎನ್ನುವುದನ್ನು ಕೇಳಿಸಿಕೊಳ್ಳುತ್ತಾಳೆ, ತಾನು ಮಾತ್ರ ಅಂಗಡಿಯಲ್ಲಿ ಬಾಯಿ ತೆರೆಯುವುದಿಲ್ಲ. ಅಣ್ಣನದೇ ರಕ್ತ. ಅತ್ತಿಗೆಯನ್ನು ಮುಂದಿಟ್ಟುಕೊಂಡು ಮುಖ್ಯ ರಸ್ತೆಯ ದೊಡ್ಡ ಅಂಗಡಿಗೆ ಹೊರಟಳು. ಎರಡು ಅಂತಸ್ತು ತುಂಬ ಫ್ರಿಜ್ಜು, ಫ್ಯಾನು, ಟೀವಿ ತುಂಬಿಕೊಂಡ ಅಂಗಡಿ ಅದು. ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಒಂದೇ ಬೆಲೆ’ ಎಂದು ಬರೆಸಿದ್ದರು.

ನಾದಿನಿ ಮೆಟ್ಟಿಲ ಮೇಲೇ ಅವಳ ಕೈ ಹಿಡಿದು ನಿಲ್ಲಿಸಿದಳು. "ಅತ್ತಿಗೆ, ಇಲ್ಲಿ ಕೇಳೋ ಹಾಗಿಲ್ಲ. ಬೋರ್ಡೇ ಹಾಕಿದಾರೆ."

"ಬೋರ್ಡ್ ಹಾಕಿದಾರೆ ಅಂದ್ರೆ ಕೇಳೋರು ತುಂಬ ಜನ ಇದಾರೆ ಅಂತ," ಎಂದು ಲ್ಯಾಬಕ್ಕ ಒಳಗೆ ನಡೆದಳು. ಜೊತೆಗೆ ಬಂದಿದ್ದ ಗಂಡ ಆಗಲೇ ಬೀದಿಯಾಚೆಯ ಮರದ ನೆರಳು ಸೇರಿದ್ದ.

ಮಷೀನುಗಳ ಸಾಲಿನಲ್ಲಿ ನಿಂತಿದ್ದವನು ನಲವತ್ತೈದರ ಆಸುಪಾಸಿನ ಸಣಕಲು ಮನುಷ್ಯ. ನೀಲಿ ಅಂಗಿ, ಕತ್ತಿಗೆ ಟೈ. ಬಾಯಿಪಾಠ ಒಪ್ಪಿಸುವಂತೆ ಮಷೀನಿನ ಗುಣಗಾನ ಮಾಡುತ್ತಿದ್ದ. ಲ್ಯಾಬಕ್ಕ ಕೇಳಿಸಿಕೊಳ್ಳುತ್ತ ಅವನ ಕಾಲು ನೋಡುತ್ತಿದ್ದಳು. ಬೂಟಿನ ಮೇಲ್ಭಾಗ ಕನ್ನಡಿಯಂತೆ ಮಿನುಗುತ್ತಿತ್ತು, ಹಿಮ್ಮಡಿ ಮಾತ್ರ ಒಂದೇ ಪಕ್ಕಕ್ಕೆ ಸವೆದುಹೋಗಿತ್ತು. ಮಾತಿನ ನಡುವೆ ಮೈಭಾರವನ್ನು ಎಡಗಾಲಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸುತ್ತಿದ್ದ. ನಿಂತೇ ಕೆಲಸ ಮಾಡುವವರು ಹೀಗೆ ಮಾಡುತ್ತಾರೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿಯ ಮುಂದೆ ನಿಂತು ನಿಂತು ಅವಳ ಮೀನಖಂಡದ ನರಗಳೂ ಗಂಟುಗಂಟಾಗಿದ್ದವು.

ಇದೇ ಕೊನೆಯ ಬೆಲೆಯೇ ಎಂದು ಅವಳು ಕೇಳಿದಳು. ಸಾಮಾನ್ಯವಾಗಿ ಈ ಪ್ರಶ್ನೆಗೆ ಮಾರುವವರ ಮುಖ ಹುಳ್ಳಗಾಗುತ್ತದೆ. ಇವನ ಮುಖ ಅರಳಿತು.

"ಒಳಗೆ ಕೇಳ್ಕೊಂಡು ಬರ್ತೀನಿ ಮೇಡಂ," ಎಂದವನೇ ಹಿಂದಿನ ಬಾಗಿಲಿನತ್ತ ಸರಸರ ನಡೆದ. ಮೂರು ನಿಮಿಷಕ್ಕೆ ಬಂದು ಒಂದಿಷ್ಟು ಇಳಿಸಿದ. ಮಷೀನಿನ ಕೆಳಗಿಡುವ ಸ್ಟ್ಯಾಂಡನ್ನು ಹಾಗೇ ಕೊಡುತ್ತೀರಾ ಎಂದು ಅವಳು ಕೇಳಿದಳು. ಮುಖ ಮತ್ತೆ ಅರಳಿತು. ಮತ್ತೆ ಒಳಗೆ ಹೋದ, ಮತ್ತೆ ಬಂದು ಆಯಿತು ಎಂದ. ಉದ್ದದ ಪೈಪು? ಅದಕ್ಕೂ ಕೇಳಿಕೊಂಡು ಬರುತ್ತೇನೆಂದು ಹೊರಟೇಬಿಟ್ಟ. ನಾದಿನಿ ಬೆರಗಾಗಿ ಅತ್ತಿಗೆಯ ಮುಖ ನೋಡುತ್ತಿದ್ದಳು. ಅತ್ತಿಗೆಗೆ ಗೆದ್ದ ಸಂತೋಷವೇ ಇಲ್ಲ, ಒಳಗೆಲ್ಲೋ ಇರುವೆ ಹರಿದಂತಾಗುತ್ತಿತ್ತು. ಯಜಮಾನನ ಮುಂದೆ ಹೋಗಿ ಬೆಲೆ ಇಳಿಸಿ ಎಂದು ಗೋಗರೆಯುವುದು ಯಾರಿಗಾದರೂ ಇಷ್ಟದ ಕೆಲಸವೇ? ಇವನೇಕೆ ಆಟಕ್ಕೆ ಬಿಟ್ಟ ಮಕ್ಕಳ ಹಾಗೆ ಓಡುತ್ತಾನೆ?

ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಬಿಲ್ಲಿನ ಕಟ್ಟೆಯ ಹುಡುಗಿಯನ್ನು ಕೇಳಿದಳು. ಹುಡುಗಿ ತಲೆಯೆತ್ತದೆ ಅದೇ ಹಿಂದಿನ ಬಾಗಿಲು ತೋರಿಸಿದಳು.

ಬಾಗಿಲಾಚೆ ಗೋದಾಮು. ಸೂರಿನವರೆಗೆ ರಟ್ಟಿನ ಡಬ್ಬಗಳು, ಥರ್ಮೊಕೋಲಿನ ವಾಸನೆ, ಒಂದು ಟ್ಯೂಬ್‌ಲೈಟು. ನೀರಿನ ಕ್ಯಾನಿನ ಪಕ್ಕದಲ್ಲಿ ಒಂದು ಡಬ್ಬದ ಮೇಲೆ ಆ ಮನುಷ್ಯ ಕೂತಿದ್ದ. ಎಡಗಾಲಿನ ಬೂಟು ಬಿಚ್ಚಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಹೆಬ್ಬೆರಳುಗಳಿಂದ ಅಂಗಾಲನ್ನು ಒತ್ತುತ್ತಿದ್ದ. ಕಣ್ಣು ಮುಚ್ಚಿದ್ದ, ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ. ಅಲ್ಲಿ ಮ್ಯಾನೇಜರೂ ಇರಲಿಲ್ಲ, ಮುದುಕನೂ ಇರಲಿಲ್ಲ, ಮೇಜೂ ಇರಲಿಲ್ಲ. ಫೋನು ಕೂಡ ಅವನ ಜೇಬಿನಲ್ಲೇ ಇತ್ತು.

ಕಣ್ಣು ಬಿಟ್ಟವನು ಅವಳನ್ನು ಕಂಡು ಧಡಕ್ಕನೆ ಎದ್ದ. ಗಾಬರಿಯಲ್ಲೂ ಕಸುಬಿನ ಅಭ್ಯಾಸ ಬಿಡಲಿಲ್ಲ. ತಾನು ಕೂತಿದ್ದ ಡಬ್ಬವನ್ನೇ ತೋರಿಸಿ, ಕೂತ್ಕೊಳ್ಳಿ ಮೇಡಂ ಎಂದ.

ಲ್ಯಾಬಕ್ಕ ಕೂರಲಿಲ್ಲ. "ಇಲ್ಲಿ ಯಾರನ್ನ ಕೇಳ್ತಾ ಇದ್ರಿ?"

ಅವನು ಬೂಟಿನೊಳಗೆ ಕಾಲು ತೂರಿಸಿ ಲೇಸು ಬಿಗಿದ. ಆಮೇಲೆ, "ಯಾರನ್ನೂ ಇಲ್ಲ," ಎಂದ. "ಎಷ್ಟು ಬಿಡಬಹುದು ಅಂತ ಬೆಳಿಗ್ಗೆನೇ ಹೇಳಿರ್ತಾರೆ. ಅದು ನನ್ನ ತಲೇಲೇ ಇರುತ್ತೆ."

ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ. ಬೆಳಿಗ್ಗೆ ಹತ್ತರಿಂದ ಅಂಗಡಿ ಮುಚ್ಚುವವರೆಗೆ ಮಾರುವವರು ಕೂರುವಂತಿಲ್ಲ. ಗಿರಾಕಿ ಇರಲಿ ಬಿಡಲಿ, ನಿಂತೇ ಇರಬೇಕು. ಗೋಡೆಗೆ ಒರಗಿದರೂ ಮೇಲೆ ಕ್ಯಾಮೆರಾದಲ್ಲಿ ಕಾಣುತ್ತದೆ. ಊಟದ ಅರ್ಧ ಗಂಟೆ ಬಿಟ್ಟರೆ ಜಾಗ ಬಿಟ್ಟು ಕದಲಲು ಇರುವುದು ಒಂದೇ ದಾರಿ, ಗಿರಾಕಿ ಬೆಲೆ ಕಡಿಮೆ ಮಾಡಿ ಎಂದು ಕೇಳಬೇಕು. ಆಗ ಒಳಗೆ ಹೋಗಬಹುದು. ಇನ್ನೂರು ಎಣಿಸುವವರೆಗೆ ಕೂರಬಹುದು, ಅದಕ್ಕಿಂತ ಹೆಚ್ಚಾದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ.

"ಬೆಲೆ ಚೀಟಿ ನೋಡಿ ಸುಮ್ಮನೆ ತಗೊಂಡು ಹೋಗೋರು ಬಂದ್ರೆ ಯಜಮಾನ್ರಿಗೆ ಖುಷಿ ಮೇಡಂ. ನನ್ನ ಕಾಲಿಗೆ ನಿಮ್ಮಂಥೋರೇ ಬೇಕು."

ಮೂವತ್ತು ವರ್ಷ ಪರದೆಯ ಹಿಂದೆ ಕೂರಿಸಿದ್ದ ಮುದುಕ, ಬೆರಳು ತೋರಿಸುವ ಯಜಮಾನಿ ಎಲ್ಲರೂ ಒಮ್ಮೆಗೇ ಎದ್ದು ಹೋದಂತಾಯಿತು. ನಗಬೇಕೋ ಬಿಡಬೇಕೋ ಅವಳಿಗೆ ತೋಚಲಿಲ್ಲ. ಎಣಿಕೆ ಎಷ್ಟಕ್ಕೆ ಬಂದಿತ್ತು ಎಂದು ಕೇಳಿದಳು. ನೂರಾ ಹತ್ತಕ್ಕೆ ಎಂದ. ಹಾಗಾದರೆ ಉಳಿದ ತೊಂಬತ್ತು ಮುಗಿಸಿಕೊಂಡೇ ಬನ್ನಿ ಎಂದು ಹೇಳಿ, ನೀರು ಕುಡಿಯುವುದನ್ನೂ ಮರೆತು ಹೊರಗೆ ಬಂದಳು.

ಅವನು ಬಂದು ಪೈಪಿಗೂ ಒಪ್ಪಿಗೆ ಸಿಕ್ಕಿತು ಎಂದಾಗ ಲ್ಯಾಬಕ್ಕ ಮಷೀನಿನ ಬಣ್ಣದ ಬಗ್ಗೆ ಕೇಳಿದಳು. ಬೂದು ಬಣ್ಣದ್ದಕ್ಕೂ ಇದೇ ಬೆಲೆಯೇ, ಒಳಗೆ ಕೇಳಿ ಬರುತ್ತೀರಾ? ಅವನು ಒಂದು ಗಳಿಗೆ ಅವಳನ್ನೇ ನೋಡಿ, ತಲೆ ತಗ್ಗಿಸಿ ಹೊರಟುಹೋದ. ನಾದಿನಿಗೆ ಬಿಳಿಯದೇ ಬೇಕಾಗಿತ್ತು. ಅತ್ತಿಗೆಗೆ ಇವತ್ತು ಏನೋ ಆಗಿದೆ ಎಂದುಕೊಂಡಳು.

ಆ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಊರ ಉಸಾಬರಿ ನಿನಗ್ಯಾಕೆ ಎಂದ. ಉಸಾಬರಿಯಲ್ಲ, ಮಾರುವವನು ಕೂತರೆ ಏನಾಗುತ್ತದೆ ಎಂಬುದು ಗೊತ್ತಾಗಬೇಕು ಎಂದಳು. ಗಂಡನಿಗೆ ಅವಳು ಹುಬ್ಬು ಸುಟ್ಟುಕೊಂಡ ಎರಡೂ ದಿನಗಳು ನೆನಪಾದವು. ಪೇಪರು ಬಿಡಿಸಿಕೊಂಡ.

ಮುಂದಿನ ಒಂದೆರಡು ತಿಂಗಳು ಅವಳು ಊರಿನ ಅಂಗಡಿಗಳನ್ನು ಹೊಸ ಕಣ್ಣಿನಿಂದ ನೋಡುತ್ತ ತಿರುಗಿದಳು. ಔಷಧಿ ಅಂಗಡಿಯವನಿಗೆ ಕುರ್ಚಿಯಿದೆ, ಚಪ್ಪಲಿ ಅಂಗಡಿಯ ಹೆಂಗಸಿಗೆ ಗಿರಾಕಿಯ ಪಾದದ ಬಳಿ ಕೂರುವ ಮಣೆಯಿದೆ, ಬಟ್ಟೆ ಅಂಗಡಿಯಲ್ಲಿ ಮಾರುವವರು ಹನ್ನೊಂದು ಜನ, ಆಸನ ಒಂದೂ ಇಲ್ಲ. ಶನಿವಾರ ಶಾಲೆ ಬಿಟ್ಟಮೇಲೆ ಆ ದೊಡ್ಡ ಅಂಗಡಿಗೆ ಹೋಗಿ, ಬೇಡದ ಫ್ರಿಜ್ಜಿನ ಬೆಲೆ ಕೇಳಿ ನೀಲಿ ಅಂಗಿಯವನನ್ನು ಒಳಗೆ ಕಳಿಸುತ್ತಿದ್ದಳು. ಆದರೆ ಅಲ್ಲಿ ನೀಲಿ ಅಂಗಿಯವರು ಏಳು ಜನ. ಏಳು ಜನರ ಕಾಲಿಗೆ ಒಬ್ಬಳ ಬಾಯಿ ಸಾಲದು. ಮೇಲಾಗಿ ಮೂರನೆಯ ಶನಿವಾರ ಮೇಲ್ವಿಚಾರಕ ಬಂದು, ಮೇಡಂ ನೀವು ಬರೀ ಕೇಳ್ತೀರಿ, ತಗೊಳ್ಳೋದೇ ಇಲ್ಲವಲ್ಲ ಎಂದು ನಗುನಗುತ್ತಲೇ ಚುಚ್ಚಿದ. ಕೊಳ್ಳುವ ಮನಸ್ಸಿಲ್ಲದೆ ಸುಮ್ಮನೆ ಬೆಲೆ ಕೇಳುವ ಜಾತಿಗೆ ತನ್ನನ್ನು ಸೇರಿಸಿದನಲ್ಲ ಎಂದು ಅವಳಿಗೆ ಸ್ವಲ್ಪ ನೋವಾಯಿತು. ಕೊಳ್ಳದವಳ ಮಾತಿಗೆ ತೂಕವಿಲ್ಲ ಎಂಬುದೂ ತಿಳಿಯಿತು.

ತೂಕ ತಾನಾಗಿಯೇ ಬಂತು. ಶಾಲೆಗೆ ಹದಿನಾರು ಫ್ಯಾನು, ಪ್ರಯೋಗಾಲಯಕ್ಕೆ ಒಂದು ಫ್ರಿಜ್ಜು ಕೊಳ್ಳಬೇಕೆಂದು ತೀರ್ಮಾನವಾಯಿತು. ಹೆಡ್ಮೇಷ್ಟ್ರು ಕಚೇರಿಯ ಗುಮಾಸ್ತರನ್ನು ಕರೆದು, ಹೋಗುವುದಾದರೆ ಲ್ಯಾಬಕ್ಕನನ್ನು ಕರೆದುಕೊಂಡು ಹೋಗಿ ಎಂದರು. ಗುಮಾಸ್ತರು ಬಹಳ ನಾಜೂಕಿನ ಮನುಷ್ಯ, ಪೆನ್ನಿನ ಮುಚ್ಚಳ ಕಳೆದರೆ ಊಟ ಬಿಡುವವರು.

ಅಷ್ಟು ದೊಡ್ಡ ವ್ಯಾಪಾರವಾದ್ದರಿಂದ ಮಾಲೀಕರೇ ಅವರನ್ನು ಮೇಲಿನ ಕೋಣೆಗೆ ಕರೆಸಿಕೊಂಡರು. ಐವತ್ತು ದಾಟಿದ ಭಾರಿ ಆಳು, ಗಾಲಿ ಹಾಕಿದ ಎತ್ತರದ ಕುರ್ಚಿ. ಎದುರಿನ ಕ್ಯಾಮೆರಾ ಪರದೆಯಲ್ಲಿ ಕೆಳಗಿನ ಅಂಗಡಿಯ ಮೂಲೆಮೂಲೆಯೂ ಕಾಣುತ್ತಿತ್ತು. ಒಳಗಿನವರು ಎಂಬುವರು ಕೊನೆಗೂ ಸಿಕ್ಕರಲ್ಲ ಎಂದು ಲ್ಯಾಬಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಟ್ಟಿಲ ಮೇಲೆ ಬರುವಾಗಲೇ ಅವಳು ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದಳು. ಬೆಲೆ ಇಳಿಸಿ ಉಳಿಯುವ ಹಣ ಶಾಲೆಯದು, ಮಕ್ಕಳದು. ಅದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವ ಹಕ್ಕು ತನಗಿಲ್ಲ. ಮೊದಲು ಶಾಲೆಯ ಕೆಲಸ, ಉಳಿದದ್ದು ಆಮೇಲೆ.

ಶಾಲೆಯ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಫ್ಯಾನಿನ ರೆಕ್ಕೆಯಿಂದ ಹಿಡಿದು ಸಾಗಿಸುವ ಗಾಡಿಯವರೆಗೆ ಅವಳು ಒಂದೊಂದಾಗಿ ಕೇಳುತ್ತ ಹೋದಳು. ಮಾಲೀಕರಿಗೂ ಆಟ ರುಚಿಸಿತು. ಇಪ್ಪತ್ತು ವರ್ಷವಾಯಿತು ಇಂಥ ಗಿರಾಕಿ ಬಂದು ಎಂದು ತಾವೇ ಹೇಳಿಕೊಂಡು ನಕ್ಕರು. ವ್ಯಾಪಾರ ಕುದುರಿತು. ಗುಮಾಸ್ತರು ಉಬ್ಬಿಹೋಗಿ ಪೆನ್ನು ತೆಗೆದರು.

"ಯಜಮಾನ್ರೇ, ಕೊಸರು ಉಳಿದಿದೆ," ಎಂದಳು ಲ್ಯಾಬಕ್ಕ.

ಗೋಡೆ ಗಡಿಯಾರ ಕೊಡಿಸುತ್ತೇನೆ ಎಂದರು ಮಾಲೀಕರು, ದೊಡ್ಡ ಗಿರಾಕಿಗಳಿಗೆ ಅದು ಪದ್ಧತಿಯಂತೆ.

"ಗಡಿಯಾರ ಬೇಡ. ಏಳು ಸ್ಟೂಲು ಬೇಕು."

"ಶಾಲೆಗಾ?"

"ಅಲ್ಲ. ಕೆಳಗೆ, ನಿಮ್ಮ ಅಂಗಡಿಗೇ. ಮಾರೋರಿಗೆ."

ಮಾಲೀಕರ ನಗು ಅರ್ಧಕ್ಕೆ ನಿಂತಿತು. ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು. ಕೆಳಗಿರುವವರಲ್ಲಿ ನಿಮ್ಮ ಕಡೆಯವರು ಯಾರು ಎಂದು ಮಾಲೀಕರು ಕೇಳಿದರು. ಯಾರೂ ಇಲ್ಲ ಎಂದಳು. ಯಾರಾದರೂ ದೂರು ಹೇಳಿದರೇ? ಇಲ್ಲ, ಸವೆದ ಬೂಟು ನೋಡಿದೆ ಎಂದಳು. ಗೋದಾಮಿನ ಮಾತು ಅವಳ ಬಾಯಿಂದ ಜಪ್ಪಯ್ಯ ಎಂದರೂ ಬರಲಿಲ್ಲ.

"ಮತ್ತೆ ಇದರಿಂದ ನಿಮಗೇನಮ್ಮ ಲಾಭ?"

"ಲಾಭ ಏನಿಲ್ಲ. ಅವರು ಯಾಕೆ ಕೂರಬಾರದು ಅಂತ ತಿಳ್ಕೋಬೇಕಿತ್ತು."

ಮಾಲೀಕರು ಕಾರಣ ಹೇಳತೊಡಗಿದರು. ಗಿರಾಕಿ ಬಂದಾಗ ಕೂತಿದ್ದರೆ ಅದು ಗಿರಾಕಿಗೆ ಅಗೌರವ. ನಾನೂ ಗಿರಾಕಿಯೇ, ನನಗೇನೂ ಅನಿಸುವುದಿಲ್ಲ ಎಂದಳು. ಕೂತರೆ ತೂಕಡಿಸುತ್ತಾರೆ ಎಂದರು. ನೀವು ಬೆಳಿಗ್ಗೆಯಿಂದ ಕೂತಿದ್ದೀರಿ, ನಿದ್ದೆ ಬಂತೇ ಎಂದು ಅವಳು ನಿಜವಾಗಿಯೂ ತಿಳಿಯುವವಳಂತೆ ಕೇಳಿದಳು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು.

ಮಾಲೀಕರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಪರದೆಯ ಕಡೆ ನೋಡುತ್ತ ಬಲ ಮೊಣಕಾಲನ್ನು ಸವರಿಕೊಂಡರು. ತಾವೂ ಅಪ್ಪನ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತವರೇ ಎಂದರು. ಅಪ್ಪ ಒಂದು ಗಳಿಗೆ ಕೂರಲು ಬಿಡುತ್ತಿರಲಿಲ್ಲವಂತೆ. ಈ ಮೊಣಕಾಲಿಗೆ ಈಗ ಬೆಲ್ಟು ಕಟ್ಟದೆ ಮೆಟ್ಟಿಲು ಹತ್ತುವಂತಿಲ್ಲವಂತೆ. ಹಾಗೆ ನಿಂತದ್ದರಿಂದಲೇ ಇಷ್ಟು ಕಲಿತೆ ಎಂದು ಸೇರಿಸಿದರು.

"ವ್ಯಾಪಾರ ಕಲಿಸಿದ್ದು ಕಾಲಾ?" ಎಂದು ಕೇಳಿದಳು ಲ್ಯಾಬಕ್ಕ.

ಅವರು ಮೊಣಕಾಲಿನಿಂದ ಕೈ ತೆಗೆದರು. ಆಮೇಲೆ ಒಂದು ಬೆರಳು ತೋರಿಸಿದರು, ಒಂದು ಸ್ಟೂಲು. ಅವಳು ಐದು ಎಂದಳು. ಎರಡು, ಅದೂ ಗಿರಾಕಿ ಇಲ್ಲದಾಗ. ಅವಳು ನಾಲ್ಕಕ್ಕೆ ಇಳಿದು ಕಂಬದ ಹಾಗೆ ಕೂತಳು. ಮೂರಕ್ಕೆ ವ್ಯವಹಾರ ಮುಗಿಯಿತು. ಒಂದು ತಿಂಗಳು ನೋಡೋಣ, ವ್ಯಾಪಾರ ಬಿದ್ದರೆ ಎತ್ತಿಸಿಬಿಡುತ್ತೇನೆ ಎಂದು ಮಾಲೀಕರು ಸಹಿ ಹಾಕಿದರು. ಗಡಿಯಾರವನ್ನೂ ಕೊಟ್ಟು ಕಳಿಸಿದರು. ಬೀದಿಗೆ ಬಂದ ಮೇಲೆ ಗುಮಾಸ್ತರು, ನಿಮ್ಮ ಜೊತೆ ಇನ್ನೊಂದು ಸಲ ಬಂದರೆ ನಾನು ಎದೆ ಒಡೆದು ಸಾಯುತ್ತೇನೆ ಎಂದು ಗಡಿಯಾರವನ್ನು ಅಪ್ಪಿಕೊಂಡು ನಡೆದರು.

ವಾರದೊಳಗೆ ಬೆನ್ನಿಲ್ಲದ ಮೂರು ಎತ್ತರದ ಸ್ಟೂಲುಗಳು ಬಂದವು. ಎರಡು ದಿನ ಅವುಗಳ ಮೇಲೆ ಯಾರೂ ಕೂರಲಿಲ್ಲ. ಇದು ನಮ್ಮನ್ನು ಪರೀಕ್ಷೆ ಮಾಡಲು ಇಟ್ಟದ್ದು ಎಂದು ಏಳೂ ಜನ ನಂಬಿದ್ದರು. ಮೂರನೆಯ ದಿನ ಮಧ್ಯಾಹ್ನ ಮಿಕ್ಸಿ ಮಾರುವ ಹೆಂಗಸು, ಆದದ್ದಾಗಲಿ ಎಂದು ಕೂತಳು. ಆಕಾಶ ಕಳಚಿ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಮೂರಕ್ಕೂ ಸರದಿ ಶುರುವಾಗಿತ್ತು. ತಿಂಗಳಾದ ಮೇಲೆ ಒಂದು ಸ್ಟೂಲು ಬಿಲ್ಲಿನ ಕಟ್ಟೆಗೆ ಹೋಗಿ ಅದರ ಮೇಲೆ ಪ್ರಿಂಟರ್ ಕೂತಿತು. ಮನುಷ್ಯರಿಗೆ ಎರಡು ಉಳಿದವು, ಅವನ್ನು ಯಾರೂ ಎತ್ತಿಸಲಿಲ್ಲ.

ಫ್ಯಾನೊಂದು ಕಿರುಗುಟ್ಟುತ್ತಿದೆ ಎಂದು ಹೇಳಲು ಲ್ಯಾಬಕ್ಕ ಹೋದಾಗ ಸಣಕಲು ಮನುಷ್ಯ ಸ್ಟೂಲಿನ ಮೇಲಿದ್ದ. ಏಳಬೇಡಿ ಎಂದರೂ ಎದ್ದ. ಈಗ ಅವನ ಬಾಯಲ್ಲಿ ಮೇಡಂ ಹೋಗಿ ಅಕ್ಕ ಬಂದಿತ್ತು. ಆದರೆ ಮುಖದಲ್ಲಿ ಏನೋ ಪೇಚಾಟ.

"ಕೂರೋಕೆ ಜಾಗ ಆಯ್ತಲ್ಲ ಅಕ್ಕ, ಇನ್ಯಾಕೆ ನಾಟಕ ಅಂತ ಒಳಗೆ ಹೋಗೋದೇ ಬಿಟ್ಟೆ. ಕೇಳಿದವರಿಗೆ ಕೊನೇ ಬೆಲೆ ಇಲ್ಲೇ ಹೇಳ್ಬಿಡ್ತಿದ್ದೆ. ಒಬ್ಬರೂ ನಂಬಲ್ಲ."

ಅವನು ಹೇಳಿದ್ದು ಹೀಗೆ. ನಿಂತ ಜಾಗದಲ್ಲೇ ಇಳಿಸಿದರೆ, ಇಷ್ಟು ಸುಲಭಕ್ಕೆ ಇಳಿಸಿದನಲ್ಲ, ಇನ್ನೆಷ್ಟು ಮುಚ್ಚಿಟ್ಟಿದ್ದಾನೋ ಎಂದು ಗಿರಾಕಿಗಳು ಹಟ ಹಿಡಿಯುತ್ತಿದ್ದರು. ಅದೇ ಬೆಲೆಯನ್ನು ಒಳಗೆ ಹೋಗಿ ಬಂದು ಹೇಳಿದರೆ ತೃಪ್ತಿಯಿಂದ ಕೊಂಡು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಎರಡು ವಾರದಲ್ಲಿ ನಾಲ್ಕು ಮಷೀನು ಕೈತಪ್ಪಿದ ಮೇಲೆ ಅವನು ಮತ್ತೆ ಗೋದಾಮಿಗೆ ಹೋಗಲು ಶುರು ಮಾಡಿದ್ದ. ಈಗ ಅಲ್ಲಿ ಹೋಗಿ ಸುಮ್ಮನೆ ನಿಂತು ಬರುತ್ತಾನಂತೆ.

ಲ್ಯಾಬಕ್ಕ ಇದನ್ನು ಬಹಳ ಹೊತ್ತು ಮೆಲುಕು ಹಾಕಿದಳು. ಅಲ್ಲೇ ನಿಂತು ಒಂದು ಗಂಡಹೆಂಡತಿ ಜೋಡಿ ಫ್ರಿಜ್ಜು ಕೊಳ್ಳುವುದನ್ನು ನೋಡಿದಳು. ಅವನು ಹೋದ, ಬಂದ, ಹೇಳಿದ. ಆ ಹೆಂಡತಿಯ ಕಣ್ಣು ಮಿಂಚಿತು, ಗಂಡನ ಮೊಣಕೈ ತಿವಿದಳು. ಆ ಮಿಂಚನ್ನು ಕಂಡು ಲ್ಯಾಬಕ್ಕನಿಗೆ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಕಕ್ಕುಲಾತಿಯೂ ಆಯಿತು. ಯಾರೋ ನನಗಾಗಿ ಎದ್ದು ಹೋಗಿ ಕೇಳಿ ಬಂದರು ಎಂಬುದಕ್ಕೇ ಜನ ಮನಸೋಲುತ್ತಾರೇನೋ ಎಂದು ಗಂಡನ ಬಳಿ ಹೇಳಿದಾಗ, ಅವನು ಕಾಗದದ ಕಟ್ಟು ಬಿಚ್ಚುವವನಂತೆ ನಿಧಾನವಾಗಿ ತಲೆಯಾಡಿಸಿದ.

ಅವಳಿಗೆ ನಿವೃತ್ತಿಯಾಯಿತು. ಶಾಲೆಯಲ್ಲಿ ಬೀಳ್ಕೊಡುಗೆ ಕೊಟ್ಟು, ಒಂದು ಗಾಜಿನ ಲೋಟವನ್ನು ರಿಬ್ಬನ್ ಕಟ್ಟಿ ಕೈಗಿತ್ತರು. ಅದಾಗಿ ಕೆಲವು ತಿಂಗಳಿಗೆ ಸಣಕಲು ಮನುಷ್ಯ ಸಂಬಳ ಸ್ವಲ್ಪ ಹೆಚ್ಚು ಸಿಗುತ್ತದೆಂದು ಬೇರೆ ಅಂಗಡಿಗೆ ಸೇರಿದ ಸುದ್ದಿ ನಾದಿನಿಯಿಂದ ತಿಳಿಯಿತು. ಹೇಗಿದ್ದಾನೆ ನೋಡಿ ಬರೋಣ ಎಂದು ಲ್ಯಾಬಕ್ಕ ಗಂಡನೊಡನೆ ಹೊರಟಳು. ಅದು ಪೀಠೋಪಕರಣದ ಅಂಗಡಿ. ಉದ್ದಕ್ಕೂ ಸೋಫಾಗಳು, ಮೆತ್ತನೆಯ ಕುರ್ಚಿಗಳು, ತೂಗುಕುರ್ಚಿಗಳು, ಕಾಲು ಚಾಚಿ ಮಲಗುವ ಕುರ್ಚಿಗಳು. ಅವುಗಳ ನಡುವೆ ಅವನು ಕೈ ಕಟ್ಟಿಕೊಂಡು ನಿಂತಿದ್ದ. ಅವಳನ್ನು ಕಂಡು ನಕ್ಕ. ಗಿರಾಕಿಗಳು ಎಷ್ಟು ಹೊತ್ತು ಬೇಕಾದರೂ ಕೂತು ನೋಡಬಹುದು, ಮಾರುವವರು ಮುಟ್ಟಿ ತೋರಿಸಬಹುದು, ಕೂರುವಂತಿಲ್ಲ ಎಂದ. ಆಸನ ಎಷ್ಟಿವೆ ಎಂದು ಅವಳು ಕೇಳಿದಳು. ತೊಂಬತ್ತಾರು ಅಕ್ಕ ಎಂದ.

ಅಂಗಡಿ ನಡೆಸುವವಳು ಚುರುಕು ಮಾತಿನ ಹೆಂಗಸು, ಮೂವತ್ತೈದು ಇರಬಹುದು. ಲ್ಯಾಬಕ್ಕ ಹೋಗಿ ಮಾರುವವರು ಕೂರುವ ಮಾತೆತ್ತಿದಳು. ಆಕೆ ಮಾತು ಮುಗಿಯುವ ಮೊದಲೇ, ಆಗಲ್ಲಮ್ಮ ಎಂದಳು. ಸಿಡುಕಲಿಲ್ಲ, ಕಾರಣವನ್ನೂ ಹೇಳಲಿಲ್ಲ. ನೀರು ಕೊಡಿಸಿ ಕಳಿಸಿದಳು.

ಗಂಡ ಹೊರಗೆ ಕಾಯುತ್ತಿದ್ದ. ಏನಂದರು ಎಂದ. ಆಗಲ್ಲ ಅಂದರು ಎಂದಳು. ಸೋತ ಮುಖ ನೋಡಬೇಕಾಗುತ್ತದೇನೋ ಎಂದು ಅವನು ಅಳುಕುತ್ತ ತಿರುಗಿದ. ಅವಳು ಗಾಜಿನಾಚೆ ಆ ಹೆಂಗಸನ್ನೇ ನೋಡುತ್ತಿದ್ದಳು. ಆಕೆಯೂ ಕಟ್ಟೆಯ ಹಿಂದೆ ನಿಂತೇ ಇದ್ದಳು, ಆಕೆಯ ಹಿಂದಿದ್ದ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ರೀ, ಆ ಯಮ್ಮ ಯಾಕೆ ಕೂತ್ಕೊಂಡಿಲ್ಲ?" ಎಂದಳು ಲ್ಯಾಬಕ್ಕ.

ಗಂಡ ಬಸ್ಸು ಬರುವ ದಾರಿ ನೋಡಿದ. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ಅವಳು ಚೀಲವನ್ನು ಅವನ ಕೈಗೆ ಕೊಟ್ಟು ಮತ್ತೆ ಒಳಗೆ ಹೋದಳು.